ಸಿಪಾಯಿ ಗೊಂಬೆ ಸಾಕುವವರಿಗೆ ಒಂದಿಷ್ಟು ಕಿವಿಮಾತು

ಇತಿಹಾಸದ ಯುದ್ಧಗಳನ್ನು ಪುಟ್ಟ ಗೊಂಬೆಗಳಿಟ್ಟು ಮೇಜಿನ ಮೇಲೆ ಆಡುವ ವಾರ್‌ಗೇಮ್ ಹವ್ಯಾಸ ಮೈತುಂಬಿಕೊಂಡದ್ದು ಇಂಗ್ಲೆಂಡ್, ಅಮೆರಿಕಗಳಲ್ಲಿ. ಈಗ ನಮ್ಮ ಮಕ್ಕಳೂ ಅಲ್ಲಿಯ ಕ್ಲಬ್ಬುಗಳಲ್ಲಿ ಆಡುತ್ತಾರೆ, ಇಲ್ಲಿ ಬೆಂಗಳೂರಿನ ಊಟದ ಮೇಜಿನ ಮೇಲೂ ಆಡುತ್ತಾರೆ. ನೋಡಿದರೆ ಹೊಟ್ಟೆ ತುಂಬುತ್ತದೆ. ನಿಮಗೆ ಆಸೆಯೂ ಇದೆ, ಶ್ರದ್ಧೆಯೂ ಇದೆ. ಆದರೆ ಬಣ್ಣದ ಬಾಟಲಿಯ ಮುಚ್ಚಳ ಮುಚ್ಚುವುದು ಮಾತ್ರ ನೆನಪಿರುವುದಿಲ್ಲ. ಅಂಥವರಿಗಾಗಿಯೇ ಇದನ್ನು ಬರೆದಿದ್ದೇನೆ. ಕಪಾಟಿನ ಬಾಗಿಲಿನ ಒಳಗಡೆ ಅಂಟಿಸಿಕೊಳ್ಳಿ.

ಕೊಳ್ಳುವ ಮುಂಚೆ

• ಯಾವ ಕಾಲ, ಯಾವ ಯುದ್ಧ ಎಂದು ಮೊದಲು ಗಟ್ಟಿಮಾಡಿಕೊಳ್ಳಿ, ಆಮೇಲೆ ದುಡ್ಡು ಬಿಚ್ಚಿ. ಈ ವಾರ ರೋಮನ್ನರು, ಬರುವ ವಾರ ನೆಪೋಲಿಯನ್, ಅದರ ಮುಂದಿನ ವಾರ ಸಮುರಾಯ್ ಎಂದು ತರುತ್ತಾ ಹೋದರೆ ಮನೆ ತುಂಬ ಅರ್ಧರ್ಧ ಸೈನ್ಯವೇ ಇರುತ್ತದೆ, ಆಡಲು ಒಂದೂ ಇರುವುದಿಲ್ಲ.

• ಸಾಧ್ಯವಾದರೆ ಎರಡೂ ಪಕ್ಷಗಳನ್ನು ನೀವೇ ಕೂಡಿಸಿ. ಜೊತೆಗಾರನಿಗೆ ವರ್ಗವಾದರೂ ಆಟ ನಿಲ್ಲುವುದಿಲ್ಲ. ಬರಿಗೈಯಲ್ಲಿ ಬಂದ ನೆಂಟರ ಹುಡುಗನನ್ನೂ ಕೂರಿಸಿ ಆಡಿಸಬಹುದು. ಒಬ್ಬರೇ ಆಡುವವರು ಸಂಕೋಚ ಪಡಬೇಡಿ, ಇಂಗ್ಲೆಂಡಿನಲ್ಲಿ ಒಂಟಿ ಆಟಗಾರರದೇ ಒಂದು ಸಂಘ ಹುಟ್ಟಿತು, ‘ಲೋನ್ ವಾರಿಯರ್’ ಎಂದು ಅವರದೇ ಪತ್ರಿಕೆಯೂ ಬಂತು.

• ಗೊಂಬೆಯ ಅಳತೆ ಆರಿಸುವಾಗ ಕಣ್ಣನ್ನು ಕೇಳಬೇಡಿ, ಮನೆಯ ಮೇಜನ್ನು ಕೇಳಿ. 28 ಮಿಲಿಮೀಟರ್ ಗೊಂಬೆ ನೋಡಲು ಚೆಂದ, ಆದರೆ ಅದಕ್ಕೆ ಆರಡಿ ನಾಲ್ಕಡಿಯ ಮೇಜು ಬೇಕೆನಿಸುತ್ತದೆ. ಜಾಗ ಕಡಿಮೆ ಇದ್ದರೆ 15 ಮಿಲಿಮೀಟರಿಗೆ, ಇನ್ನೂ ಕಡಿಮೆ ಇದ್ದರೆ 6 ಮಿಲಿಮೀಟರಿಗೆ ಇಳಿಯಿರಿ.

• ಹೊಸಬರು 12 ತುಂಡಿನ ಸೈನ್ಯದಿಂದ ಶುರು ಮಾಡಿ. 1990ರಲ್ಲಿ ಬಂದ ‘ಡಿ ಬೆಲಿಸ್ ಆಂಟಿಕ್ವಿಟಾಟಿಸ್’, ಎಲ್ಲರ ಬಾಯಲ್ಲಿ ಡಿಬಿಎ, ಪ್ರಾಚೀನ ಮತ್ತು ಮಧ್ಯಯುಗದ ಯುದ್ಧಗಳಿಗೆ ಇಷ್ಟೇ ಕೇಳುತ್ತದೆ. 15 ಮಿಲಿಮೀಟರ್ ಗೊಂಬೆಗಳಿಗೆ ಎರಡಡಿ ಚೌಕದ ಹಲಗೆ ಸಾಕು, ಆಟವೂ ಸುಮಾರು ಗಂಟೆಯೊಳಗೆ ಮುಗಿಯುತ್ತದೆ. ಮುಗಿಸಿದ ಸಣ್ಣ ಸೈನ್ಯ ಕೊಡುವ ಧೈರ್ಯವನ್ನು ಡಬ್ಬಿಯೊಳಗಿನ ದೊಡ್ಡ ಸೈನ್ಯ ಕೊಡುವುದಿಲ್ಲ.

• ಡಬ್ಬಿಯ ಮೇಲೆ 28 ಎಂದಿದ್ದ ಮಾತ್ರಕ್ಕೆ ಎಲ್ಲ ಕಂಪನಿಯ ಗೊಂಬೆಯೂ ಒಂದೇ ಎತ್ತರವಿರುವುದಿಲ್ಲ. ಮೊದಲು ಒಂದೇ ಒಂದು ಪೊಟ್ಟಣ ತರಿಸಿ, ನಿಮ್ಮಲ್ಲಿರುವುದರ ಪಕ್ಕ ನಿಲ್ಲಿಸಿ ನೋಡಿ. ಒಂದೇ ಸಾಲಿನಲ್ಲಿ ತಂದೆ ಮಕ್ಕಳು ನಿಂತ ಹಾಗೆ ಕಂಡರೆ ಆಮೇಲೆ ಬದಲಿಸಲಾಗದು.

• ಹೊರದೇಶದಿಂದ ತರಿಸುವಾಗ ನಾಲ್ಕು ಜನ ಸೇರಿ ಒಂದೇ ಆರ್ಡರ್ ಕೊಡಿ. ಅಂಚೆ ಖರ್ಚಿನಲ್ಲಿ ಉಳಿದ ದುಡ್ಡಿಗೆ ಒಂದು ಒಳ್ಳೆಯ ಬ್ರಷ್ ಬರುತ್ತದೆ. ಯಾರದು ಎಷ್ಟು ಎಂಬ ಲೆಕ್ಕವನ್ನು ಮಾತ್ರ ಅಂದೇ ಬರೆದಿಡಿ, ಸ್ನೇಹದಲ್ಲಿ ಲೆಕ್ಕ ಬೇಗ ಮಸುಕಾಗುತ್ತದೆ.

• ಕೈಯಲ್ಲಿರುವುದಕ್ಕೆ ಬಣ್ಣ ಆಗುವ ತನಕ ಹೊಸದು ತರಬೇಡಿ. ಕಷ್ಟವೆಂದು ಗೊತ್ತು, ಆದರೂ ಹೇಳುತ್ತೇನೆ.

ಸೀಸ, ತವರ, ಪ್ಲಾಸ್ಟಿಕ್

• ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರುತ್ತದೆ ಎಂದೇ ತಿಳಿದು ನಡೆಯಿರಿ. ಅರವನ್ನು ಊಟದ ಮೇಜಿನ ಮೇಲೆ ಆಡಿಸಬೇಡಿ. ಹಳೆಯ ಪೇಪರ್ ಹಾಸಿ ಉಜ್ಜಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಪೇಪರ್ ಸಮೇತ ಮಡಚಿ ಎಸೆಯಿರಿ. ಗುಡಿಸಿದರೆ ಅದು ಮನೆಯೆಲ್ಲ ಹರಡುತ್ತದೆ. ಕೈ ತೊಳೆಯದೆ ಚಕ್ಕುಲಿಗೆ ಕೈ ಹಾಕಬೇಡಿ. ಮನೆಯಲ್ಲಿ ಅಂಬೆಗಾಲಿನ ಕೂಸಿದ್ದರೆ ಈ ಕೆಲಸ ಮನೆಯ ಹೊರಗೇ ಆಗಲಿ.

• ಹಳೆಯ ಗೊಂಬೆಯ ಮೇಲೆ ಬಿಳಿ ಬೂದಿಯಂಥದು ಕಂಡರೆ ಧೂಳೆಂದು ಬಾಯಿಂದ ಊದಬೇಡಿ. ಸೀಸಕ್ಕೆ ಹಿಡಿಯುವ ರೋಗ ಅದು. ಓಕ್‌ನಂಥ ಕೆಲವು ಮರ, ಅಂಟು ಹಾಕಿದ ಹಲಗೆ, ರಟ್ಟು, ಇವು ಬಿಡುವ ಹುಳಿ ಆವಿ ಮುಚ್ಚಿದ ಡ್ರಾಯರಿನಲ್ಲಿ ಕೂಡಿಕೊಂಡು ಸೀಸವನ್ನು ತಿನ್ನುತ್ತದೆ. ಆ ಪುಡಿ ಮೈಗೆ ಒಳ್ಳೆಯದಲ್ಲ. ಅಂಥ ಗೊಂಬೆಯನ್ನು ಬೇರೆ ತೆಗೆದಿಡಿ, ಉಳಿದವನ್ನು ಗಾಳಿಯಾಡುವ ಲೋಹದ ಅಥವಾ ಗಾಜಿನ ಕಪಾಟಿಗೆ ಹಾಕಿ. ಚೆಂದವೆಂದು ಅಜ್ಜನ ಕಾಲದ ಮರದ ಪೆಟ್ಟಿಗೆಯಲ್ಲಿ ತುಂಬಿಟ್ಟವರ ಸಂಗ್ರಹವೇ ಹೆಚ್ಚು ಹಾಳಾಗುವುದು. ಮರಕ್ಕೆ ತಾಕದಂತೆ ಬಟ್ಟೆ ಹಾಸಿದ್ದೇನೆ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ, ಆವಿಗೆ ಬಟ್ಟೆ ಅಡ್ಡಿಯಲ್ಲ.

• ಪ್ಲಾಸ್ಟಿಕ್ ಗೊಂಬೆಯ ಡಬ್ಬಿಗೆ ನ್ಯಾಫ್ತಲೀನ್ ಗುಳಿಗೆ ಹಾಕಬೇಡಿ. ಸೀರೆಗೆ ಹಾಕಿ ರೂಢಿಯಾಗಿ ಇಲ್ಲಿಗೂ ಹಾಕಿಬಿಡುತ್ತೇವೆ. ಅದರ ಆವಿಗೆ ಪಾಲಿಸ್ಟೈರಿನ್ ಮೆತ್ತಗಾಗಿ ಗೊಂಬೆ ಕರಗುತ್ತದೆ. ಜಿರಲೆಯ ಭಯವಿದ್ದರೆ ಬಿಗಿ ಮುಚ್ಚಳದ ಡಬ್ಬಿ ತನ್ನಿ.

• ಚೌಕಟ್ಟಿನಿಂದ ಬಿಡಿಸುವ ಮೊದಲು ಪ್ಲಾಸ್ಟಿಕ್ ಗೊಂಬೆಗಳನ್ನು ಪಾತ್ರೆ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಸಿಪ್ಪೆಯೇಳುತ್ತದೆ. ಕುದಿಯುವ ನೀರು ಬೇಡ, ಬಂದೂಕು ಬಾಗುತ್ತದೆ.

• ರೆಸಿನ್ ಉಜ್ಜುವಾಗ ಮಾಸ್ಕ್ ಹಾಕಿ. ಎರಡೇ ನಿಮಿಷದ ಕೆಲಸವೆಂದು ಬಿಡಬೇಡಿ.

• ಸೂಪರ್‌ಗ್ಲೂ ಒಂದು ಹನಿ ಸಾಕು. ಹೆಚ್ಚು ಹಾಕಿದರೆ ಬೇಗ ಹಿಡಿಯುವುದಿಲ್ಲ, ಸುತ್ತ ಬಿಳಿ ಮಬ್ಬು ಬೇರೆ ಕೂರುತ್ತದೆ. ಬಾಟಲಿಯನ್ನು ಒಣ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಜೊತೆ ಬರುತ್ತದಲ್ಲ ಆ ಸಿಲಿಕಾ ಪೊಟ್ಟಣದ ಸಂಗಡ ಇಡಿ. ಕೈಕಾಲಿನ ಸಂದು ತುಂಬಲು ದುಬಾರಿ ಮೇಣವೇ ಆಗಬೇಕಿಲ್ಲ, ಒರಟು ಕೆಲಸಕ್ಕೆ ನಲ್ಲಿ ಸೋರಿದಾಗ ತರುವ ಎಂ-ಸೀಲ್ ನಡೆಯುತ್ತದೆ.

• ಭರ್ಜಿ, ಈಟಿಗಳು ಮುರಿದರೆ ಅಳಬೇಡಿ. ಪ್ಲಾಸ್ಟಿಕ್ ಪೊರಕೆಯ ದಪ್ಪ ಎಳೆ ಒಂದನ್ನು ಕತ್ತರಿಸಿ ಅಂಟಿಸಿ. ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ, ಉಕ್ಕಿನ ತಂತಿಯ ಹಾಗೆ ಬೆರಳಿಗೆ ಚುಚ್ಚುವುದಿಲ್ಲ. ಹೈಫಾದ ಮೈಸೂರು ಲ್ಯಾನ್ಸರ್ಸ್ ಮಾಡುವವರಿಗೆ ಈ ಮಾತು ಮುಖ್ಯ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಭರ್ಜಿ ಹಿಡಿದು ಆ ಊರು ಗೆದ್ದವರು ಅವರು. ಭರ್ಜಿಯೇ ಇಲ್ಲದೆ ಮೇಜಿಗೆ ಕಳಿಸಬೇಡಿ.

ಬಣ್ಣ ಹಚ್ಚುವಾಗ

• ಜಡಿಮಳೆಯ ದಿನ ಪ್ರೈಮರ್ ಸ್ಪ್ರೇ ಹೊಡೆಯಬೇಡಿ. ಗಾಳಿಯ ತೇವಕ್ಕೆ ಮೇಲ್ಮೈ ಮರಳು ಮರಳಾಗುತ್ತದೆ, ವಾರ್ನಿಷ್ ಆದರೆ ಹಾಲಿನಂತೆ ಬಿಳಿಚುತ್ತದೆ. ಮಂಗಳೂರು, ಮಡಿಕೇರಿ ಕಡೆಯವರು ಮಳೆಗಾಲಕ್ಕೆ ಬ್ರಷ್‌ನಿಂದ ಹಚ್ಚುವ ಪ್ರೈಮರ್ ಇಟ್ಟುಕೊಳ್ಳಿ. ಇಂಗ್ಲೆಂಡಿನಲ್ಲಿರುವವರು ಚಳಿಗಾಲದಲ್ಲಿ ಕ್ಯಾನನ್ನು ಮನೆಯೊಳಗೇ ಇಟ್ಟು, ಬಿಸಿಲು ಬಿದ್ದ ಗಳಿಗೆ ನೋಡಿ ಹೊರಗೆ ಒಯ್ಯಿರಿ.

• ಎಲ್ಲಾ ಬ್ರಷ್ ಸಣ್ಣದೇ ಆಗಬೇಕೆಂದು ಸೊನ್ನೆಗಳ ಹಿಂದೆ ಓಡಬೇಡಿ. ಒಳ್ಳೆಯ ಮೊನೆಯಿರುವ ಒಂದನೇ ನಂಬರಿನ ಬ್ರಷ್ ಕಣ್ಣನ್ನೂ ಬರೆಯುತ್ತದೆ, ಕೋಟನ್ನೂ ತುಂಬುತ್ತದೆ. ತೀರಾ ಸಣ್ಣದರ ತುದಿಯಲ್ಲಿ ಬಣ್ಣ ಗೊಂಬೆ ಮುಟ್ಟುವ ಮೊದಲೇ ಒಣಗಿರುತ್ತದೆ.

• ಬಣ್ಣದಲ್ಲಿ ಕೂದಲಿನ ಅರ್ಧದವರೆಗೆ ಮಾತ್ರ ಅದ್ದಿ. ತಗಡಿನ ಕಂಠದೊಳಗೆ ಬಣ್ಣ ಹೋಗಿ ಒಣಗಿದರೆ ಮೊನೆ ಕವಲೊಡೆಯುತ್ತದೆ. ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಟೀ ಕುಡಿಯಲು ಹೋಗಬೇಡಿ, ಬರುವಷ್ಟರಲ್ಲಿ ಬ್ರಷ್ ಸೊಂಟ ಮುರಿದುಕೊಂಡಿರುತ್ತದೆ. ಮತ್ತೆ, ಆ ಲೋಟ ಟೀ ಲೋಟದ ಪಕ್ಕ ಇರದಿರಲಿ.

• ಮೊನೆ ಮಾಡಲು ಬ್ರಷ್ಷನ್ನು ನಾಲಿಗೆಗೆ ಒತ್ತಬೇಡಿ. ದೊಡ್ಡ ದೊಡ್ಡ ಕಲಾವಿದರು ಮಾಡುತ್ತಾರೆ ಎಂದು ನನಗೆ ಹೇಳಬೇಡಿ. ಕೆಲವು ಬಣ್ಣಗಳಲ್ಲಿ ಹೊಟ್ಟೆಗೆ ಹೋಗಬಾರದ ಲೋಹಗಳಿರುತ್ತವೆ. ಒದ್ದೆ ಟಿಶ್ಯೂ ಮೇಲೆ ಉರುಳಿಸಿದರೂ ಮೊನೆ ಬರುತ್ತದೆ.

• ಹೊಳೆಯುವ ಲೋಹದ ಬಣ್ಣಕ್ಕೆ ಬೇರೆ ಬ್ರಷ್, ಬೇರೆ ನೀರು ಇಡಿ. ಇಲ್ಲದಿದ್ದರೆ ಸಿಪಾಯಿಯ ಕೆನ್ನೆಯಲ್ಲೂ ಬೆಳ್ಳಿ ಚೂರು ಮಿನುಗುತ್ತದೆ.

• ನಮ್ಮ ಬಿಸಿಲಿಗೆ ಅಕ್ರಿಲಿಕ್ ತಟ್ಟೆಯಲ್ಲೇ ಒಣಗುತ್ತದೆ. ಮುಚ್ಚಳವಿರುವ ಸಿಹಿತಿಂಡಿ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಅಡುಗೆಮನೆಯ ಬಟರ್ ಪೇಪರ್ ಇಟ್ಟು ಅದರ ಮೇಲೆ ಬಣ್ಣ ಕಲಸಿ. ಮುಚ್ಚಿಟ್ಟರೆ ಮರುದಿನವೂ ಹಸಿಯಾಗಿರುತ್ತದೆ. ವಾರಕ್ಕೊಮ್ಮೆ ಸ್ಪಂಜು ತೊಳೆಯಿರಿ, ಬೂಷ್ಟು ಬರುತ್ತದೆ.

• ಒಳಗಿನಿಂದ ಹೊರಗೆ ಬನ್ನಿ. ಮೊದಲು ಮೈಬಣ್ಣ, ಆಮೇಲೆ ಅಂಗಿ, ಆಮೇಲೆ ಕೋಟು, ಕೊನೆಗೆ ಬೆಲ್ಟು ಮತ್ತು ಬಂದೂಕು. ಬಟ್ಟೆ ತೊಡುವ ಕ್ರಮವೇ ಬಣ್ಣ ಹಚ್ಚುವ ಕ್ರಮವೂ ಆದರೆ ತಿದ್ದುವ ಕೆಲಸ ಅರ್ಧ ಉಳಿಯುತ್ತದೆ.

• ಆರೇಳು ಗೊಂಬೆಗಳನ್ನು ಒಟ್ಟಿಗೆ ಎತ್ತಿಕೊಳ್ಳಿ. ಒಂದೊಂದನ್ನೇ ಮುಗಿಸುತ್ತೇನೆಂದರೆ ಪ್ರತಿ ಸಲವೂ ಬಣ್ಣ ಹೊಸದಾಗಿ ಕಲಸಬೇಕು, ಹದ ಒಂದೇ ಬರುವುದಿಲ್ಲ. ಐವತ್ತನ್ನು ಒಟ್ಟಿಗೆ ಎತ್ತಿಕೊಂಡರೆ ಬೇಜಾರಾಗಿ ಕೈಬಿಡುತ್ತೀರಿ.

• ಕಲಸಿದ ಬಣ್ಣದ ಲೆಕ್ಕ ಬರೆದಿಡಿ: ಯಾವುದು ಎಷ್ಟು ಹನಿ, ಯಾವ ಪಡೆಯ ಯಾವ ಬಟ್ಟೆಗೆ. ಆರು ತಿಂಗಳು ಬಿಟ್ಟು ಅದೇ ಪಡೆಗೆ ನಾಲ್ಕು ಜನ ಸೇರಿಸುವಾಗ ಈ ಚೀಟಿಯೇ ಕಾಪಾಡುವುದು.

• ಬಣ್ಣವನ್ನು ನಿಜವಾದ ಬಟ್ಟೆಗಿಂತ ಒಂದು ಮಜಲು ತಿಳಿಯಾಗಿಡಿ. ಬೆರಳುದ್ದದ ಗೊಂಬೆಯ ಮೇಲೆ ಗಾಢ ನೀಲಿ ಕಪ್ಪಾಗಿಯೇ ಕಾಣುತ್ತದೆ. ಹಾಗೆಯೇ 15 ಮಿಲಿಮೀಟರ್ ಗೊಂಬೆಗೆ ಕಣ್ಣುಗುಡ್ಡೆ ಬರೆಯುತ್ತಾ ಕೂರಬೇಡಿ. ಆಡುವಾಗ ಮೂರಡಿ ದೂರದಿಂದ ನೋಡುತ್ತೀರಿ, ಅಲ್ಲಿಗೆ ಕಾಣುವುದು ಟೋಪಿ, ಬೆಲ್ಟು ಮತ್ತು ಬಾವುಟ. ಶ್ರಮವನ್ನು ಅಲ್ಲಿ ಹಾಕಿ.

• ಮೊದಲು ಹೊಳಪಿನ ವಾರ್ನಿಷ್, ಪೂರ್ತಿ ಒಣಗಿದ ಮೇಲೆ ಮಂಕು ವಾರ್ನಿಷ್. ಹೊಳಪಿನದು ಗಟ್ಟಿ, ಮಂಕಿನದು ಚೆಂದ. ಆಟಕ್ಕೆ ಎತ್ತಿ ಇಳಿಸುವ ಗೊಂಬೆಗೆ ಎರಡೂ ಬೇಕು.

• ಬಾಟಲಿಯ ಬಾಯಿ ಒರೆಸಿ ಮುಚ್ಚಿ. ಒಣಗಿದ ಬಣ್ಣ ಅಂಚಿನಲ್ಲಿದ್ದರೆ ಮುಚ್ಚಳ ಸರಿಯಾಗಿ ಕೂರದೆ ಇಡೀ ಬಾಟಲಿ ಒಣಗುತ್ತದೆ. ಇನ್ನೊಮ್ಮೆ ಹೇಳಿಸಿಕೊಳ್ಳಬೇಡಿ.

ನೆಲ, ನೀರು, ಕೋಟೆ

ಇಲ್ಲಿ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. ಗೊಂಬೆಗೆ ಅಷ್ಟು ಜತನ ಮಾಡಿದವರು ನೆಲದ ವಿಷಯಕ್ಕೆ ಬಂದಾಗ ಹಸಿರು ಬಟ್ಟೆ ಎಸೆದು ಕೈತೊಳೆದುಕೊಳ್ಳುತ್ತಾರೆ. ಯುದ್ಧ ಗೆಲ್ಲುವುದೂ ಸೋಲುವುದೂ ಎಷ್ಟೋ ಸಲ ಆ ನೆಲದಿಂದಲೇ.

• ಶ್ರೀರಂಗಪಟ್ಟಣದ ಮುತ್ತಿಗೆ ಆಡುವವರು ಕಾವೇರಿಯನ್ನು ತುಂಬು ನೀಲಿಯಾಗಿ ಬಳಿಯಬೇಡಿ. ಜನರಲ್ ಹ್ಯಾರಿಸ್‌ನ ಸೈನ್ಯ ಕೋಟೆಗೆ ನುಗ್ಗಿದ್ದು 1799ರ ಮೇ 4ರ ಮಧ್ಯಾಹ್ನ. ಬೇಸಿಗೆಯ ಹೊಳೆ ಅದು, ಬಂಡೆಗಳು ಎದ್ದು ಕಾಣುತ್ತಿದ್ದವು, ಡೇವಿಡ್ ಬೇರ್ಡ್‌ನ ಜನ ಕಾಲ್ನಡಿಗೆಯಲ್ಲೇ ದಾಟಿದರು. ಮಳೆ ಬಿದ್ದು ನದಿ ಏರುವ ಮೊದಲು ಮುಗಿಸಬೇಕೆಂಬ ಅವಸರ ಅವರಿಗಿತ್ತು. ಆದ್ದರಿಂದ ಕಂದು ಮರಳು, ಬೂದು ಕಲ್ಲು, ನಡುನಡುವೆ ಒಂದಿಷ್ಟು ನೀರು ಮಾಡಿ. ಜೊತೆಗೆ ಆಟಕ್ಕೆ ಮಳೆಯ ಗಡುವೂ ಇಡಿ. ಮುತ್ತಿಗೆ ಹಾಕಿದವನಿಗೆ ಬೆವರು ಬರಲಿ.

• ತೋಪು, ನಾಲೆಗಳನ್ನು ಬಿಡಬೇಡಿ. ಅದೇ ವರ್ಷದ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ ಆರ್ಥರ್ ವೆಲ್ಲೆಸ್ಲಿ ಕತ್ತಲಲ್ಲಿ ದಾರಿ ತಪ್ಪಿ ಹಿಮ್ಮೆಟ್ಟಬೇಕಾಯಿತು. ಮುಂದೆ ವಾಟರ್ಲೂ ಗೆದ್ದವನೇ ಅವನು. ಮರುದಿನ ಬೆಳಕಿನಲ್ಲಿ ಅದೇ ಜಾಗ ಅವನ ಕೈಗೆ ಬಂತು. ನಿಮ್ಮ ಮೇಜಿನಲ್ಲಿ ಆ ತೋಪೂ ಕತ್ತಲೂ ಇಲ್ಲದಿದ್ದರೆ ಆ ಸೋಲು ಯಾರಿಗೂ ಅರ್ಥವಾಗುವುದಿಲ್ಲ.

• ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಹೋದಾಗ ಪಶ್ಚಿಮದ ಗೋಡೆಯ ಮುಂದೆ ಪೆನ್ಸಿಲ್, ಪುಟ್ಟ ಪುಸ್ತಕ ಹಿಡಿದು ನಿಲ್ಲಿ. 1780ರ ಪೊಳ್ಳಿಲೂರು ಯುದ್ಧದ ಚಿತ್ರ ಅಲ್ಲಿದೆ. ನಡುವೆ ಚೌಕಾಕಾರ ಕಟ್ಟಿ ನಿಂತ ಕೆಂಪು ಕೋಟಿನವರು, ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೈಲಿ, ಮೇಲೆ ಸಿಡಿಯುತ್ತಿರುವ ಮದ್ದಿನ ಬಂಡಿ. ಕುದುರೆಗಳ ಸಜ್ಜು, ಪೇಟದ ಸುತ್ತು, ಆನೆಯ ಮೇಲಿನ ಅಂಬಾರಿ, ಒಂದೊಂದನ್ನೂ ಬಿಡಿಸಿಕೊಳ್ಳಿ. ಬಣ್ಣದ ವಿಷಯದಲ್ಲಿ ಮಾತ್ರ ಆ ಗೋಡೆಯೊಂದನ್ನೇ ನಂಬಬೇಡಿ. ವೆಲ್ಲೆಸ್ಲಿಯ ಕಾಲದಲ್ಲೂ ಆಮೇಲೆ ಡಾಲ್‌ಹೌಸಿಯ ಕಾಲದಲ್ಲೂ ಅದಕ್ಕೆ ಮತ್ತೆ ಬಣ್ಣ ಹಚ್ಚಿದ್ದಾರೆ. ಆಕಾರಕ್ಕೆ ಗೋಡೆ ನೋಡಿ, ಬಣ್ಣಕ್ಕೆ ಆ ಕಾಲದವರು ಬರೆದಿಟ್ಟದ್ದನ್ನೂ ನೋಡಿ.

• ಮೈಸೂರಿನ ರಾಕೆಟ್ ಮಾಡುವವರು ಶಿವಮೊಗ್ಗಕ್ಕೆ ಹೋಗಿ ಬನ್ನಿ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಪಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವಲ್ಲ, ಅವನ್ನು ಕಣ್ಣಾರೆ ನೋಡಿದರೆ ಕಬ್ಬಿಣದ ಕೊಳವೆ ಎಂದರೇನು ಎಂದು ತಿಳಿಯುತ್ತದೆ. ಬಾಣಬಿರುಸಿನ ಕಾಗದದ ಕೊಳವೆಯಂತೆ ಬಣ್ಣಬಣ್ಣ ಬಳಿಯುವುದು ತಾನಾಗಿಯೇ ನಿಲ್ಲುತ್ತದೆ. ಬಿದಿರು ಕಡ್ಡಿಗೆ ತೆಂಗಿನ ಗರಿಯ ಪೊರಕೆಕಡ್ಡಿ ಸೀಳಿ ಬಳಸಿ, ಕಾಸು ಖರ್ಚಿಲ್ಲ.

• ಥರ್ಮಾಕೋಲ್ ಗುಡ್ಡಕ್ಕೆ ಸ್ಪ್ರೇ ಬಣ್ಣ ನೇರವಾಗಿ ಹೊಡೆಯಬೇಡಿ, ತಿಂದುಹಾಕುತ್ತದೆ. ಸೂಪರ್‌ಗ್ಲೂ ಕೂಡ ಹಾಗೇ. ಫೆವಿಕಾಲ್‌ಗೆ ನೀರು ಬೆರೆಸಿ ಮರಳು ಮೆತ್ತಿ ಒಣಗಿಸಿ, ಆಮೇಲೆ ಬ್ರಷ್‌ನಿಂದ ಬಣ್ಣ ಕೊಡಿ.

• ಮರಳನ್ನು ಜರಡಿ ಹಿಡಿದು, ತೊಳೆದು, ಒಣಗಿಸಿ ಬಳಸಿ. ಕುಡಿದ ಟೀಯ ಚರಟ ಕಾಡಿನ ನೆಲಕ್ಕೆ ಬಹಳ ಚೆನ್ನ, ಆದರೆ ಎರಡು ಬಿಸಿಲು ಕಾಯಿಸಿ ಗರಿಗರಿಯಾದ ಮೇಲೆ ಅಂಟಿಸಿ, ಮೇಲೊಂದು ತೆಳು ಫೆವಿಕಾಲ್ ಕೊಡಿ. ತೇವ ಉಳಿದರೆ ಕಾಡಿಗೆ ಬೂಷ್ಟು ಬರುತ್ತದೆ. ಸಕ್ಕರೆ ಹಾಕಿ ಕುದಿಸಿದ ಚರಟ ಬೇಡವೇ ಬೇಡ, ಇರುವೆ ಮುತ್ತಿಗೆ ಹಾಕುತ್ತದೆ.

• ಹುಲ್ಲು ಮಾಡಿಗೆ ತೆಂಗಿನ ನಾರು, ಬೇಲಿಗೆ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ತುಂಡು. ಕಾಗದದ ಮನೆಗೆ ಮೈದಾ ಅಂಟು ಹಾಕಬೇಡಿ. ಮೊದಲು ಜಿರಲೆ ಬರುತ್ತದೆ, ಆಮೇಲೆ ಬೆಳ್ಳಿಹುಳು.

ಎತ್ತಿಡುವಾಗ, ಒಯ್ಯುವಾಗ

• ಗೊಂಬೆಯನ್ನು ಬೇಸ್ ಹಿಡಿದು ಎತ್ತಿ. ಬಾವುಟ, ಭರ್ಜಿ, ಕುದುರೆಯ ಬಾಲ ಹಿಡಿಕೆಗಳಲ್ಲ. ಮನೆಗೆ ಬಂದ ಮಕ್ಕಳಿಗೂ ಇದನ್ನೇ ಮೊದಲು ಹೇಳಿಕೊಡಿ, ‘ಮುಟ್ಟಬೇಡ’ ಎನ್ನುವುದಕ್ಕಿಂತ ಅದು ಒಳ್ಳೆಯದು.

• ಬೇಸಿನ ಅಗಲವನ್ನು ಅಂಟಿಸುವ ಮೊದಲು ನಿಮ್ಮ ಕ್ಲಬ್ಬಿನಲ್ಲಿ ಕೇಳಿ. 15 ಮಿಲಿಮೀಟರ್ ಡಿಬಿಎಗೆ 40 ಮಿಲಿಮೀಟರ್, 28ಕ್ಕೆ 60. ಅಂಟಿಸಿ ಆದ ಮೇಲೆ ಕಿತ್ತರೆ ಕಾಲು ಮುರಿಯುತ್ತದೆ.

• ಬೇಸಿನ ಕೆಳಗೆ ಮ್ಯಾಗ್ನೆಟ್ ಹಾಳೆ ಅಂಟಿಸಿ ಉಕ್ಕಿನ ಬಿಸ್ಕತ್ತು ಡಬ್ಬಿಯಲ್ಲಿ ನಿಲ್ಲಿಸಿ. ಬಸ್ಸಿನ ಕುಲುಕಾಟಕ್ಕೂ ಅಲುಗುವುದಿಲ್ಲ. ಡಬ್ಬಿ ಕೊಳ್ಳುವ ಮೊದಲು ಒಂದು ಮ್ಯಾಗ್ನೆಟ್ ತಾಗಿಸಿ ನೋಡಿ, ಎಲ್ಲವೂ ಉಕ್ಕಿನದಲ್ಲ.

• ಬೇಸಿನ ಅಡಿಯಲ್ಲಿ ಪಡೆಯ ಹೆಸರು, ಬಣ್ಣ ಹಚ್ಚಿದ ವರ್ಷ ಬರೆಯಿರಿ. ನಾಲ್ಕು ಜನರ ಸೈನ್ಯ ಒಂದೇ ಮೇಜಿನಲ್ಲಿ ಬೆರೆತಾಗ ಜಗಳ ತಪ್ಪುತ್ತದೆ.

• ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಡಬ್ಬಿ ಬಿಡಬೇಡಿ. ರೆಸಿನ್ ಕತ್ತಿಗಳು ಬಾಡಿ ಬಗ್ಗುತ್ತವೆ.

ಆಡುವಾಗ

• ಶುರುವಿಗೆ ಮೊದಲು ಮೂರು ಮಾತು ಆಡಿಕೊಳ್ಳಿ: ಓರೆಯಾಗಿ ನಿಂತ ದಾಳವನ್ನು ಮತ್ತೆ ಎಸೆಯುವುದೇ, ಮುಂಚಿತವಾಗಿ ಅಳೆಯಬಹುದೇ, ಎಷ್ಟು ಹೊತ್ತಿಗೆ ನಿಲ್ಲಿಸುವುದು. ಸ್ನೇಹ ಕೆಡುವುದು ಈ ಮೂರರಿಂದಲೇ.

• ದಾಳವನ್ನು ತಟ್ಟೆಯಲ್ಲಿ ಎಸೆಯಿರಿ, ಸೈನ್ಯದ ಮೇಲಲ್ಲ. ಎಚ್.ಜಿ. ವೆಲ್ಸ್ 1913ರ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಸ್ಪ್ರಿಂಗ್ ಫಿರಂಗಿಯಿಂದ ಮರದ ತುಂಡು ಹಾರಿಸಿ ಸಿಪಾಯಿಗಳನ್ನು ಬೀಳಿಸುವುದನ್ನೇ ಆಟ ಮಾಡಿದ್ದ. ಅವನವು ಅಂಗಡಿಯಲ್ಲಿ ಬಣ್ಣ ಹಚ್ಚಿಯೇ ಬರುತ್ತಿದ್ದ ದೊಡ್ಡ ಗೊಂಬೆಗಳು. ನಿಮ್ಮದು ವಾರಗಟ್ಟಲೆ ಕೂತು ಮಾಡಿದ ಕೆಲಸ.

• ಅದೃಷ್ಟದ ಏರಿಳಿತ ಹೆಚ್ಚೆನಿಸಿದರೆ ಸರಾಸರಿ ದಾಳ ತನ್ನಿ. ಅದರ ಮುಖಗಳು 2, 3, 3, 4, 4, 5. ಒಂದೂ ಇಲ್ಲ, ಆರೂ ಇಲ್ಲ, ನುರಿತ ಪಡೆಗಳ ನಡಿಗೆಗೆ ಹದವಾಗಿರುತ್ತದೆ.

• ನಿಯಮದ ಬಗ್ಗೆ ವಾದ ಐದು ನಿಮಿಷ ದಾಟಿದರೆ ದಾಳ ಎಸೆದು ಮುಂದೆ ಹೋಗಿ, ಪುಸ್ತಕ ಆಮೇಲೆ ನೋಡಿ.

• ಸತ್ತವರ ಬಗ್ಗೆ ಹಗುರವಾಗಿ ಮಾತಾಡಬೇಡಿ, ಅವರು ಯಾವ ಪಕ್ಷದವರೇ ಆಗಿರಲಿ. ಆ ಹೆಸರಿನ ಪಡೆಗಳಲ್ಲಿ ನಿಜವಾದ ಮನೆಗಳ ಮಕ್ಕಳಿದ್ದರು. ನಮ್ಮೂರುಗಳಲ್ಲಿ ಅವರ ವಂಶದವರು ಇನ್ನೂ ಇದ್ದಾರೆ.

ಪತ್ರಿಕೆ ತರುವವರಿಗೆ

ಈ ಹವ್ಯಾಸ ಉಳಿದದ್ದೇ ಸಣ್ಣ ಪತ್ರಿಕೆಗಳಿಂದ. 1957ರಲ್ಲಿ ಕ್ಯಾಲಿಫೋರ್ನಿಯಾದ ಜ್ಯಾಕ್ ಸ್ಕ್ರೂಬಿ ‘ವಾರ್ ಗೇಮ್ ಡೈಜೆಸ್ಟ್’ ಶುರು ಮಾಡಿದ. ಕೆಲವು ಸಂಚಿಕೆಗಳನ್ನು ಸಮುದ್ರದಾಚೆ ಇಂಗ್ಲೆಂಡಿನಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್, ಟೋನಿ ಬಾತ್ ಸಂಪಾದಿಸುತ್ತಿದ್ದರು. ಆಮೇಲೆ ಫೆದರ್‌ಸ್ಟೋನ್ ಸೌತಾಂಪ್ಟನ್ನಿನಲ್ಲಿ ಫಿಸಿಯೋಥೆರಪಿ ವೃತ್ತಿಯ ಜೊತೆಜೊತೆಗೇ 1962ರಿಂದ 1980ರವರೆಗೆ ‘ವಾರ್‌ಗೇಮರ್ಸ್ ನ್ಯೂಸ್‌ಲೆಟರ್’ ನಡೆಸಿದ. ಚದುರಿಹೋಗಿದ್ದ ಆಟಗಾರರಿಗೆ ತಮ್ಮಂಥವರು ಇನ್ನೂ ಇದ್ದಾರೆ ಎಂದು ಗೊತ್ತಾದದ್ದು ಇಂಥ ಹಾಳೆಗಳಿಂದ. ನಿಮ್ಮ ಕ್ಲಬ್ಬಿಗೂ ನಾಲ್ಕು ಪುಟದ್ದೊಂದು ಇರಲಿ, ಆದರೆ ಹೀಗೆ:

• ಹತ್ತು ಪುಟ ತಂದು ಮೂರನೇ ಸಂಚಿಕೆಗೆ ಸುಸ್ತಾಗುವುದಕ್ಕಿಂತ ನಾಲ್ಕು ಪುಟವನ್ನು ಹೇಳಿದ ದಿನಕ್ಕೆ ತನ್ನಿ. ಮುಂದಿನ ಸಂಚಿಕೆಯ ಬರಹ ಕೈಗೆ ಬಂದ ಮೇಲೆಯೇ ಈ ಸಂಚಿಕೆಯನ್ನು ಅಚ್ಚಿಗೆ ಕೊಡಿ.

• ಆಟದ ವರದಿಯನ್ನು ಆಡಿದ ರಾತ್ರಿಯೇ ಬರೆಸಿ. ವಾರ ಕಳೆದರೆ ಗೆದ್ದವನಿಗೆ ತನ್ನ ಜಾಣತನವೂ ಸೋತವನಿಗೆ ತನ್ನ ದಾಳವೂ ಮಾತ್ರ ನೆನಪಿರುತ್ತವೆ.

• ಎರಡೂ ಪಕ್ಷದ ವರದಿ ಹಾಕಿ. ಆರ್.ಎಲ್. ಸ್ಟೀವನ್‌ಸನ್ ದಾವೋಸ್‌ನಲ್ಲಿ ತನ್ನ ಮಲಮಗನ ಜೊತೆ ತಗಡಿನ ಸಿಪಾಯಿಗಳ ಯುದ್ಧ ಆಡುವಾಗ ಆ ಯುದ್ಧಕ್ಕೆಂದೇ ಸುಳ್ಳುಸುಳ್ಳೇ ವೃತ್ತಪತ್ರಿಕೆಗಳನ್ನು ಸೃಷ್ಟಿಸಿ, ಅವುಗಳ ಹೆಸರಿನಲ್ಲಿ ಸುದ್ದಿ ಬರೆದ. 1898ರಲ್ಲಿ ಅದು ಸ್ಕ್ರಿಬ್ನರ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. ಒಂದೇ ಘಟನೆಯನ್ನು ಇಬ್ಬರು ಸೇನಾಪತಿಗಳ ಬಾಯಲ್ಲಿ ಓದಿದಾಗಲೇ ಯುದ್ಧ ಏನಾಯಿತೆಂದು ತಿಳಿಯುವುದು.

• ನಕ್ಷೆಯಿಲ್ಲದ ವರದಿ ಹಾಕಬೇಡಿ. ಉತ್ತರ ದಿಕ್ಕಿನ ಬಾಣ, ಗೊಂಬೆಯ ಅಳತೆ, ಬಳಸಿದ ನಿಯಮ, ಮೇಜಿನ ಉದ್ದಗಲ, ಇವಿಷ್ಟು ಮೂಲೆಯಲ್ಲಿರಲಿ. ಇದನ್ನು ಓದಿ ಇನ್ನೊಬ್ಬರು ಅದೇ ಆಟ ಆಡುವಂತಿರಬೇಕು.

• ಫೋಟೋವನ್ನು ನಿಂತು ಮೇಲಿನಿಂದ ತೆಗೆಯಬೇಡಿ, ಮಂಡಿಯೂರಿ ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಹಿಂದೆ ಕಾಣುವ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ ಮೊದಲು ತೆಗೆಯಿರಿ.

• ಬೇರೆಯವರ ನಿಯಮ ಪುಸ್ತಕದ ಪುಟಗಳನ್ನು ಹಾಗೇ ಅಚ್ಚು ಹಾಕಬೇಡಿ. ಸಣ್ಣ ಪ್ರಕಾಶಕರು ಅದರಲ್ಲೇ ಹೊಟ್ಟೆ ಹೊರೆಯುವವರು. ನೀವು ಮಾಡಿಕೊಂಡ ತಿದ್ದುಪಡಿ ಮಾತ್ರ ಹಾಕಿ, ಪುಸ್ತಕದ ಹೆಸರು ಹೇಳಿ.

• ಗೊಂಬೆಗಳ ವಿಮರ್ಶೆಯಲ್ಲಿ ಅವು ದುಡ್ಡು ಕೊಟ್ಟು ತಂದದ್ದೇ, ಪುಕ್ಕಟೆ ಬಂದದ್ದೇ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಪಕ್ಕದಲ್ಲಿ ಸ್ಕೇಲ್ ಇಟ್ಟ ಒಂದು ಚಿತ್ರ ಹಾಕಿ. ಚೆಂದ, ಸೊಗಸು ಎಂಬ ಹತ್ತು ಮಾತಿಗಿಂತ ಆ ಸ್ಕೇಲ್ ಹೆಚ್ಚು ಹೇಳುತ್ತದೆ.

• ಹೊಸಬರು ಕಳಿಸಿದ ಬರಹವನ್ನು ತಿದ್ದಿ, ಆದರೆ ಹೆಸರು ತಪ್ಪಿಲ್ಲದೆ ಹಾಕಿ. ತನ್ನ ಹೆಸರಿನ ಅಕ್ಷರ ತಪ್ಪಿದರೆ ಆ ಹುಡುಗ ಮತ್ತೆ ಬರೆಯುವುದಿಲ್ಲ.

• ಚಂದಾ ಹಣವನ್ನು ಮುಂದಿನ ಸಂಚಿಕೆಗಳಿಗೆಂದು ಬೇರೆ ಎತ್ತಿಡಿ, ಗೊಂಬೆ ಕೊಳ್ಳಲು ಅದಕ್ಕೆ ಕೈ ಹಾಕಬೇಡಿ. ಅಂಚೆಗೆ ಹಾಕುವ ಮೊದಲು ಒಂದು ಪ್ರತಿ ತೂಗಿ ನೋಡಿ, ಒಂದು ಹಾಳೆ ಹೆಚ್ಚಾದರೆ ಎಲ್ಲ ಲಕೋಟೆಯ ದರವೂ ಏರಬಹುದು.

• ಕರಾವಳಿಯವರು ತುಕ್ಕು ಹಿಡಿಯದ ಪಿನ್ ಬಳಸಿ, ಇಲ್ಲವಾದರೆ ದಾರದಲ್ಲಿ ಹೊಲಿಯಿರಿ. ಒಂದೇ ಮಳೆಗಾಲಕ್ಕೆ ಪಿನ್ನು ಕರಗಿ ಹಾಳೆಯಲ್ಲಿ ಕಂದು ಕಲೆ ಬಿಡುತ್ತದೆ.

• ಪ್ರತಿ ಸಂಚಿಕೆಗೂ ಸಂಖ್ಯೆ, ತಿಂಗಳು, ವರ್ಷ ಹಾಕಿ. ‘ಈ ತಿಂಗಳ ಸಂಚಿಕೆ’ ಎಂದಷ್ಟೇ ಇದ್ದರೆ ಹತ್ತು ವರ್ಷದ ಮೇಲೆ ಯಾವ ತಿಂಗಳೆಂದು ಯಾರನ್ನು ಕೇಳುವುದು? 1965ರಲ್ಲಿ ಹುಟ್ಟಿದ ‘ಸೊಸೈಟಿ ಆಫ್ ಏನ್ಷಿಯೆಂಟ್ಸ್’ನ ‘ಸ್ಲಿಂಗ್‌ಶಾಟ್’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಜನ ಇಂದಿಗೂ ಹುಡುಕಿ ಓದುತ್ತಾರೆ. ನಿಮ್ಮದನ್ನೂ ಯಾರೋ ಹುಡುಕಿಯಾರು. ಡಿಸೆಂಬರಿನಲ್ಲಿ ಕೂತು ವರ್ಷದ ವಿಷಯಸೂಚಿ ಮಾಡಿ, ಒಂದು ಪೂರ್ತಿ ಕಟ್ಟನ್ನು ಸಂಪಾದಕರ ಮನೆ ಬಿಟ್ಟು ಇನ್ನೊಬ್ಬರ ಮನೆಯಲ್ಲಿಡಿ. ಸಂಪಾದಕರು ಮನೆ ಬದಲಿಸುವಾಗ ಮೊದಲು ಕಳೆದುಹೋಗುವುದು ಆ ಕಟ್ಟೇ.